ಮೈಲೇಜ್ ಹೆಚ್ಚಿಸುವ ಸಾಧನ ಕೊಳ್ಳುವ ಮುನ್ನ

ಕಾರಿನ ಸ್ಟಿಯರಿಂಗ್ ಕೆಳಗಿನ ಒಬಿಡಿ ಪೋರ್ಟ್‌ಗೆ (ದೋಷ ಪತ್ತೆಗೆ ಮೆಕ್ಯಾನಿಕ್ ತನ್ನ ಉಪಕರಣ ಜೋಡಿಸುವ ಕಿಂಡಿ) ಸಿಕ್ಕಿಸಿದರೆ ಮೈಲೇಜ್ ಹೆಚ್ಚುತ್ತದೆಂದು ಮಾರುವ ಪುಟ್ಟ ಡಬ್ಬಿಗಳನ್ನು ಬಿಚ್ಚಿ ನೋಡಿದವರಿಗೆ ಹಲವು ಬಾರಿ ಸಿಕ್ಕಿದ್ದು ಮಿನುಗುವ ಎಲ್‌ಇಡಿ ದೀಪಗಳೇ ಹೊರತು ಎಂಜಿನ್ನಿನ ಕಂಪ್ಯೂಟರಿಗೆ ಸಂಪರ್ಕ ಕಲ್ಪಿಸುವ ಯಾವ ವ್ಯವಸ್ಥೆಯೂ ಅಲ್ಲ. ಇಂಧನದ ಪೈಪಿಗೆ ಕಟ್ಟುವ ಅಯಸ್ಕಾಂತದ ಹಣೆಬರಹವೂ ಅಷ್ಟೇ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 100ಕ್ಕೂ ಹೆಚ್ಚು ಇಂತಹ ಸಾಧನಗಳನ್ನು ಪರಿಶೀಲಿಸಿ, ಉಪಯೋಗಕ್ಕೆ ಬರುವಂಥವು ತೀರಾ ವಿರಳವೆಂದು ಕಂಡುಕೊಂಡಿದೆ.

ಅದರ ಬದಲು, ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯಲ್ಲಿನ ಒತ್ತಡಕ್ಕೆ ಸರಿಯಾಗಿ, ಟೈರ್ ತಣ್ಣಗಿರುವಾಗಲೇ ಗಾಳಿ ಹಾಕಿಸಿ (ಬಂಕಿನ ಹುಡುಗನ ಅಂದಾಜಿಗೆ ಬಿಡಬೇಡಿ). ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ (ವೇಗ ಎರಡು ಪಟ್ಟಾದರೆ ಪ್ರತಿರೋಧ ನಾಲ್ಕು ಪಟ್ಟು) ಏರುವುದರಿಂದ, ಹೆದ್ದಾರಿಯಲ್ಲಿ 110ರ ಬದಲು 80 ಕಿ.ಮೀ. ವೇಗದಲ್ಲಿ ಸಮನಾಗಿ ಓಡಿಸಿದರೆ ಉಳಿತಾಯ ಎದ್ದು ಕಾಣುತ್ತದೆ. ಬಳಸದ ರೂಫ್ ಕ್ಯಾರಿಯರ್ ಬಿಚ್ಚಿಡಿ. ಸಿಗ್ನಲ್ ದೀರ್ಘವಾಗಿದ್ದರೆ ಎಂಜಿನ್ ಆರಿಸಿ.