ಕೋಲ್ಶ್ ಬಿಯರ್‌ನ ಯೀಸ್ಟ್: ಯಾವುದು, ಎಷ್ಟು, ಎಷ್ಟು ತಂಪಿನಲ್ಲಿ

ಜರ್ಮನಿಯ ಕೊಲೋನ್ ನಗರದ ಕೋಲ್ಶ್ ಆಗಲಿ, ನೆರೆಯ ಡ್ಯೂಸೆಲ್‌ಡಾರ್ಫ್‌ನ ಆಲ್ಟ್ ಆಗಲಿ, ಹುದುಗುವುದು ಏಲ್ (ಬೆಚ್ಚಗೆ ಹುದುಗಿಸುವ ಬಿಯರ್) ಯೀಸ್ಟಿನಿಂದಲೇ. ಆದರೆ ಸಾಮಾನ್ಯ ಏಲ್‌ಗಿಂತ ತಂಪಿನಲ್ಲಿ ಹುದುಗಿ, ಆಮೇಲೆ ತಂಪಿನಲ್ಲೇ ಹುದುಗಿಸುವ ಲಾಗರ್‌ನಂತೆ ವಾರಗಟ್ಟಲೆ ಚಳಿಯಲ್ಲಿ ಮಾಗುತ್ತವೆ. ಕೋಲ್ಶ್‌ನಲ್ಲಿ ಹೆಚ್ಚಾಗಿ ಪಿಲ್ಸ್ನರ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ತಿಳಿ ಬಣ್ಣದ ಬಾರ್ಲಿ), ಹಿತಮಿತವಾಗಿ ಹಾಪ್ಸ್ (ಕಹಿ, ಘಮ ಕೊಡುವ ಹೂವು), ಅಷ್ಟೇ. ತಪ್ಪನ್ನು ಮರೆಮಾಚಲು ಅಲ್ಲಿ ಏನೂ ಇಲ್ಲ. ಹಾಗಾಗಿ ಯೀಸ್ಟಿನ ಹೆಸರಿಗಿಂತ ಅದರ ಪ್ರಮಾಣ ಮತ್ತು ಮೊದಲ ಮೂರು ದಿನಗಳ ಉಷ್ಣತೆಯೇ ಮುಖ್ಯ.

(ಜರ್ಮನಿ, ಅಮೆರಿಕಗಳಲ್ಲಿ ಸ್ವಂತ ಬಳಕೆಗೆ ಮನೆಯಲ್ಲಿ ಬಿಯರ್ ಮಾಡಬಹುದು. ಕರ್ನಾಟಕದಲ್ಲಿ ಅಬಕಾರಿ ಪರವಾನಗಿ ಇಲ್ಲದೆ ಮಾಡುವಂತಿಲ್ಲ.)

ದ್ರವ ಯೀಸ್ಟ್‌ಗಳಲ್ಲಿ ವೈಯೀಸ್ಟ್ ಕಂಪನಿಯ 2565 ಕೋಲ್ಶ್‌ಗೆ ಹೇಳಿ ಮಾಡಿಸಿದ್ದು. ನವಿರಾದ ಹಣ್ಣಿನ ಘಮ ಕೊಡುತ್ತದೆ, 13 ಡಿಗ್ರಿಯವರೆಗೂ ಕೆಲಸ ಮಾಡುತ್ತದೆ, ಆದರೆ ತಳ ಸೇರಲು ಬಹಳ ಸತಾಯಿಸುತ್ತದೆ. ವೈಟ್ ಲ್ಯಾಬ್ಸ್‌ನ ಡಬ್ಲ್ಯೂಎಲ್‌ಪಿ029 ಅದಕ್ಕಿಂತ ಬೇಗ ತಿಳಿಯಾಗುತ್ತದೆ. ಅದು 17 ಡಿಗ್ರಿಗಿಂತ ಕೆಳಗೆ ಮಂಕಾಗುವುದರಿಂದ 17–18ರಲ್ಲೇ ಶುರುಮಾಡಿ. ಆಲ್ಟ್‌ಗೆ ವೈಯೀಸ್ಟ್ 1007 ಒಳ್ಳೆಯದು. ಒಣ ಯೀಸ್ಟ್ ಬೇಕೆಂದರೆ ಫರ್ಮೆಂಟಿಸ್ ಕೆ-97 ಅಥವಾ ಲಾಲ್‌ಬ್ರೂ ಕೋಲ್ನ್. ಮೊದಲ ಸಲ ಮಾಡುವವರು ಒಣ ಯೀಸ್ಟನ್ನೇ ಹಿಡಿಯುವುದು ಮೇಲು, ಮುಂಚೆಯೇ ಯೀಸ್ಟ್ ಬೆಳೆಸಿಕೊಳ್ಳುವ ಸ್ಟಾರ್ಟರ್‌ನ ಗೋಜಿಲ್ಲ. ಕೆ-97 ನೊರೆಯನ್ನು ವಿಪರೀತ ಉಕ್ಕಿಸುತ್ತದೆ. ಪಾತ್ರೆಯಲ್ಲಿ ಕಾಲು ಭಾಗ ಖಾಲಿ ಬಿಡಿ, ಏರ್‌ಲಾಕ್ (ಅನಿಲವನ್ನು ಹೊರಬಿಟ್ಟು ಗಾಳಿಯನ್ನು ಒಳಬಿಡದ ಬಿರಡೆ) ಬದಲು ದಪ್ಪ ಕೊಳವೆ ಹಾಕಿ ಅದರ ತುದಿಯನ್ನು ನೀರಿನಲ್ಲಿ ಮುಳುಗಿಸಿಡಿ.

ಇನ್ನು ಪ್ರಮಾಣ. ತಂಪಿನಲ್ಲಿ ಯೀಸ್ಟ್ ನಿಧಾನವಾಗಿ ಬೆಳೆಯುತ್ತದೆ, ಆದ್ದರಿಂದ ಶುರುವಿನಲ್ಲೇ ಹೆಚ್ಚು ಹಾಕಬೇಕು. ಪ್ರತಿ ಮಿಲಿಲೀಟರ್‌ಗೆ, ಪ್ರತಿ ಡಿಗ್ರಿ ಪ್ಲೇಟೋಗೆ (ದ್ರವದಲ್ಲಿನ ಸಕ್ಕರೆಯ ಅಳತೆ) 10 ಲಕ್ಷ ಕೋಶ ಎಂದು ಲೆಕ್ಕ ಹಾಕಿ. 1.048 ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ), ಅಂದರೆ 12 ಪ್ಲೇಟೋ ಇರುವ, ಇನ್ನೂ ಹುದುಗದ ಮಾಲ್ಟ್ ರಸ, ಅಂದರೆ 20 ಲೀಟರ್ ವರ್ಟ್‌ಗೆ 24,000 ಕೋಟಿ ಕೋಶಗಳಾದವು. ತಾಜಾ ದ್ರವ ಪ್ಯಾಕ್‌ನಲ್ಲಿ ಇರುವುದು ಸುಮಾರು 10,000 ಕೋಟಿ. ಉಳಿದದ್ದನ್ನು ಸ್ಟಾರ್ಟರ್‌ನಲ್ಲಿ ಬೆಳೆಸಿಕೊಳ್ಳಬೇಕು: 2 ಲೀಟರ್ ನೀರಿಗೆ 200 ಗ್ರಾಂ ಒಣ ಮಾಲ್ಟ್ ಪುಡಿ ಹಾಕಿ 10 ನಿಮಿಷ ಕುದಿಸಿ, ಆರಿಸಿ, ಯೀಸ್ಟ್ ಸೇರಿಸಿ ಒಂದೆರಡು ದಿನ ಕಲಕುತ್ತಿರಿ. ನಂತರ ಫ್ರಿಜ್‌ನಲ್ಲಿಟ್ಟು, ಮೇಲಿನ ತಿಳಿ ಬಸಿದು, ತಳದ ಗಸಿ ಮಾತ್ರ ಬಳಸಿ. ಒಣ ಯೀಸ್ಟಾದರೆ 11–11.5 ಗ್ರಾಂನ ಎರಡು ಪ್ಯಾಕೆಟ್ ಸಾಕು. ದ್ರವ ಯೀಸ್ಟ್ ಹಾಕುವ ಮುನ್ನ ತಣಿದ ವರ್ಟನ್ನು ಐದು ನಿಮಿಷ ಚೆನ್ನಾಗಿ ಕುಲುಕಿ ಗಾಳಿ ಸೇರಿಸಿ. ಒಣ ಯೀಸ್ಟ್‌ಗೆ ಅದರ ಅಗತ್ಯವಿಲ್ಲ.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ವರ್ಟ್ 24 ಡಿಗ್ರಿಗೆ ಇಳಿದ ಕೂಡಲೇ ಯೀಸ್ಟ್ ಹಾಕಿ, ‘ಆಮೇಲೆ ತಂಪು ಮಾಡಿದರಾಯಿತು’ ಎಂದುಕೊಳ್ಳುತ್ತಾರೆ. ಹಣ್ಣಿನ ಗಾಢ ವಾಸನೆಯೂ ಗಂಟಲು ಸುಡುವ ಆಲ್ಕೋಹಾಲ್‌ಗಳೂ ಬಹುಪಾಲು ಹುಟ್ಟುವುದು ಯೀಸ್ಟ್ ಮರಿ ಹಾಕುವ ಆ ಮೊದಲ ದಿನಗಳಲ್ಲೇ. ಆಮೇಲೆ ತಣಿಸಿದರೆ ಅವು ಹೋಗುವುದಿಲ್ಲ, ಯೀಸ್ಟ್ ಮಾತ್ರ ಮಲಗಿಬಿಡುತ್ತದೆ. 2565ಕ್ಕಾಗಲಿ ಲಾಲ್‌ಬ್ರೂ ಕೋಲ್ನ್‌ಗಾಗಲಿ ವರ್ಟನ್ನು ಮೊದಲು 14–15 ಡಿಗ್ರಿಗೆ ತನ್ನಿ, ಆಮೇಲೆ ಯೀಸ್ಟ್ ಹಾಕಿ, ಮೂರು-ನಾಲ್ಕು ದಿನ 15–16ರಲ್ಲಿ ಹಿಡಿದಿಡಿ. ಹುದುಗುವ ಬಿಯರ್ ಹೊರಗಿನ ಗಾಳಿಗಿಂತ ಬಿಸಿಯಾಗಿರುತ್ತದೆ. ಆದ್ದರಿಂದ ಕೋಣೆಯ ಉಷ್ಣತೆ ನೋಡಬೇಡಿ, ಥರ್ಮಾಮೀಟರ್‌ನ ತುದಿಯನ್ನು ಪಾತ್ರೆಯ ಮೈಗೆ ಅಂಟಿಸಿ ಮೇಲೆ ಸ್ಪಂಜು ಕಟ್ಟಿ. ಕಂಟ್ರೋಲರ್ ಇರುವ ಫ್ರಿಜ್ ಇಲ್ಲದಿದ್ದರೆ ನೀರಿನ ಟಬ್ಬಿನಲ್ಲಿ ಪಾತ್ರೆ ಕೂರಿಸಿ, ಹೆಪ್ಪುಗಟ್ಟಿಸಿದ ಬಾಟಲಿಗಳನ್ನು ಬೆಳಿಗ್ಗೆ-ಸಂಜೆ ಬದಲಿಸಿ.

ಗ್ರಾವಿಟಿ 1.020ರ ಹತ್ತಿರ ಬಂದಾಗ 18–19ಕ್ಕೆ ಏರಲು ಬಿಡಿ. ಬೆಣ್ಣೆಯ ವಾಸನೆ ತರುವ ಡೈಅಸಿಟೈಲನ್ನು ಯೀಸ್ಟ್ ತಾನೇ ಹೀರಿಕೊಳ್ಳಲು ಈ ಬಿಸುಪು ಬೇಕು. ಎರಡು-ಮೂರು ದಿನ ಗ್ರಾವಿಟಿ 1.010–1.012ರ ಆಸುಪಾಸಿನಲ್ಲಿ ನಿಂತ ಮೇಲೆ ಪರೀಕ್ಷಿಸಿ: ಒಂದಿಷ್ಟು ಬಿಯರನ್ನು ಮುಚ್ಚಿದ ಲೋಟದಲ್ಲಿ 60 ಡಿಗ್ರಿಯ ನೀರಿನಲ್ಲಿ 20 ನಿಮಿಷ ಇಟ್ಟು, ತಣಿಸಿ, ಮೂಸಿ. ಬೆಣ್ಣೆ ಹಚ್ಚಿದ ಪಾಪ್‌ಕಾರ್ನ್ ನೆನಪಾದರೆ ಇನ್ನೂ ಎರಡು ದಿನ ಕಾಯಿರಿ. ಗ್ರಾವಿಟಿ 1.018ರಲ್ಲೇ ಸಿಕ್ಕಿಕೊಂಡಿದ್ದರೆ 20ಕ್ಕೆ ಏರಿಸಿ, ಮುಚ್ಚಳ ತೆಗೆಯದೆ ಪಾತ್ರೆಯನ್ನು ಮೆಲ್ಲಗೆ ತಿರುಗಿಸಿ ತಳದ ಯೀಸ್ಟ್ ಎಬ್ಬಿಸಿ. ಗಂಧಕದ ವಾಸನೆಗೆ ಹೆದರಬೇಕಿಲ್ಲ, ಮಾಗುವಾಗ ಸಾಮಾನ್ಯವಾಗಿ ಹೋಗುತ್ತದೆ.

ನಂತರ 1–4 ಡಿಗ್ರಿಯಲ್ಲಿ ಮೂರು-ನಾಲ್ಕು ವಾರ. ಆಗಲೂ ಮಸುಕಾಗಿದ್ದರೆ 4 ಗ್ರಾಂ ಜೆಲಟಿನ್ ಪುಡಿಯನ್ನು 120 ಮಿಲಿ ನೀರಿನಲ್ಲಿ 65–70 ಡಿಗ್ರಿಗೆ ಕಾಯಿಸಿ (ಕುದಿಸಬಾರದು), ತಣ್ಣನೆಯ ಬಿಯರ್‌ಗೆ ಸುರಿದು ಎರಡು ದಿನ ಬಿಡಿ. ಬಾಟಲಿಗೆ ತುಂಬುವಾಗ ಲೀಟರ್‌ಗೆ 6 ಗ್ರಾಂ ಸಕ್ಕರೆಯ ಜೊತೆ ಇಡೀ ಬ್ಯಾಚ್‌ಗೆ 1 ಗ್ರಾಂ ಹೊಸ ಒಣ ಯೀಸ್ಟ್ ಸೇರಿಸಿ, ಏಕೆಂದರೆ ಅಷ್ಟು ದಿನ ಚಳಿಯಲ್ಲಿ ಕೂತ ಯೀಸ್ಟ್ ಬಹುಪಾಲು ತಳ ಸೇರಿರುತ್ತದೆ. ಎರಡು ವಾರ 20 ಡಿಗ್ರಿಯಲ್ಲಿಟ್ಟು ಫ್ರಿಜ್‌ಗೆ ಸೇರಿಸಿ.