ಮೊದಲು ಸೂಪರ್‌ವೈಸರ್, ಆಮೇಲೆ ಲೈನ್: ಪೋಶ್ ತರಬೇತಿಯಲ್ಲಿ ನನ್ನ ಅನುಭವ

ನಮ್ಮದು ಗಾರ್ಮೆಂಟ್ ಕಾರ್ಖಾನೆ. ಸುಮಾರು 700 ಜನರಲ್ಲಿ 600ರಷ್ಟು ಹೆಣ್ಣುಮಕ್ಕಳು. ಸೂಪರ್‌ವೈಸರ್‌ಗಳು 22 ಮಂದಿ ಇರಬೇಕು, ಇಬ್ಬರನ್ನು ಬಿಟ್ಟರೆ ಎಲ್ಲ ಗಂಡಸರು.

ಪೋಶ್ ಎಂದರೆ ಕೆಲಸದ ಸ್ಥಳದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ. ಅದರ ತರಬೇತಿ ಎಂದು ಮೂರು ವರ್ಷ ನಾವೂ ಎಲ್ಲರಂತೆ ಕ್ಯಾಂಟೀನಿನಲ್ಲಿ ಎರಡು ಗಂಟೆ ಸ್ಲೈಡ್ ತೋರಿಸಿ ಸಹಿ ಹಾಕಿಸಿಕೊಂಡೆವು. ಹೊರಗಿನಿಂದ ಬಂದವರಿಗೆ ದಿನಕ್ಕೆ 15-16 ಸಾವಿರ ಕೊಟ್ಟ ನೆನಪು. ಈ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 1997ರ ವಿಶಾಖಾ ತೀರ್ಪು ಮುಗಿದು 2013ರ ಕಾಯ್ದೆಗೆ ಬರುವಷ್ಟರಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು. ಇಂಥ ದೂರು ವಿಚಾರಿಸುವ ಕಾರ್ಖಾನೆಯ ಆಂತರಿಕ ಸಮಿತಿಗೆ (ಐಸಿ) ಬಂದ ದೂರು ಸೊನ್ನೆ. ಆಡಿಟ್‌ನಲ್ಲಿ ಅದನ್ನೇ ಹೆಮ್ಮೆಯಿಂದ ತೋರಿಸುತ್ತಿದ್ದೆವು.

ಆ ಸೊನ್ನೆಯ ಮೇಲಿನ ನಂಬಿಕೆ ಹೋಗಿದ್ದು ಒಬ್ಬ ಟೈಲರ್ ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು ಬಂದ ದಿನ. ‘ಟಾರ್ಗೆಟ್‌ಗೆ ಬೈದ್ರೆ ತಡ್ಕೋತೀನಿ ಮೇಡಂ, ಭುಜ ಹಿಡ್ಕೊಂಡು ಬೈದ್ರೆ ಹೆಂಗೆ ತಡ್ಕೊಳ್ಳಿ?’ ಅಂದಳು. ಆಗಿ ಐದು ತಿಂಗಳಾಗಿತ್ತು. ದೂರಿಗೆ ಮೂರು ತಿಂಗಳ ಗಡುವು, ಸಕಾರಣ ಇದ್ದರೆ ಐಸಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು ಎಂದು ವಿವರಿಸಿದೆ. ಬೇಡ ಎಂದು ಹೊರಟೇಹೋದಳು.

ಸೂಪರ್‌ವೈಸರ್‌ಗಳಿಗೆ ಮೊದಲು, ಬೇರೆಯಾಗಿ, ಐದಾರು ಜನರ ಬ್ಯಾಚ್ ಮಾಡಿ, ಡ್ಯೂಟಿ ಹೊತ್ತಿನಲ್ಲೇ 25 ನಿಮಿಷ ಕೊಡಿ ಎಂದು ಕೇಳಿದೆ. ಪ್ರೊಡಕ್ಷನ್ ಮ್ಯಾನೇಜರ್ ಪೀಸ್ ಲೆಕ್ಕ ತೆಗೆದರು. ನಾನೂ ಲೆಕ್ಕ ತೆಗೆದೆ: ಒಬ್ಬ ಟೈಲರ್ ಬಿಟ್ಟರೆ ಹೊಸಬಳು ಟಾರ್ಗೆಟ್ ಮುಟ್ಟಲು ಎರಡು ತಿಂಗಳು, ನಷ್ಟ 7-8 ಸಾವಿರಕ್ಕೆ ಕಮ್ಮಿ ಇಲ್ಲ. ಒಪ್ಪಿದರು, ನಂಬಲಿಲ್ಲ.

ಮೊದಲ ಸುತ್ತು ಕೆಟ್ಟಿತು. ಕಾರ್ಡ್‌ನಲ್ಲಿ ಬರೆದ ಸನ್ನಿವೇಶ ಓದಿ ‘ಇದು ತಪ್ಪಾ?’ ಎಂದು ಕೇಳಿದರೆ ಎಲ್ಲರೂ ‘ತಪ್ಪು ಮೇಡಂ’. ಶಾಲೆಯ ಉತ್ತರ. ಎರಡನೆಯದು ಇನ್ನೂ ಕೆಟ್ಟಿತು, ತಪ್ಪು ಪೂರ್ತಿ ನನ್ನದೇ. ನಿಜ ಘಟನೆಯೊಂದರ ಹೆಸರು ಮಾತ್ರ ಬದಲಿಸಿ ಹೇಳಿದ್ದೆ. ಊಟದ ಹೊತ್ತಿಗೆ ಅವಳು ಯಾರೆಂದು ಫ್ಲೋರ್‌ಗೆಲ್ಲ ಗೊತ್ತಾಗಿತ್ತು. ಗೋಪ್ಯತೆ ಕಾಯಬೇಕಾದವಳೇ ಅದನ್ನು ಮುರಿದಿದ್ದೆ. ಆ ಹೆಣ್ಣುಮಗಳ ಕ್ಷಮೆ ಕೇಳಿದೆ. ಈಗ ಯಾವ ಸನ್ನಿವೇಶವನ್ನೂ ಒಂದೇ ಘಟನೆಯಿಂದ ಕಟ್ಟುವುದಿಲ್ಲ, ಮೂರು ನಾಲ್ಕನ್ನು ಬೆರೆಸುತ್ತೇನೆ.

ಮೂರನೇ ಸುತ್ತಿಗೆ ತಪ್ಪು-ಸರಿ ಕೇಳುವುದನ್ನೇ ಬಿಟ್ಟೆ. ‘ಪೀಸ್ ಕಮ್ಮಿ ಬಿದ್ದಿದೆ. ಮುಟ್ಟದೆ, ಮೈಕಟ್ಟಿನ ಮಾತೆತ್ತದೆ ಈಗ ಕೇಳಿ, ಬಾಯಿಬಿಟ್ಟು ಹೇಳಿ’ ಎಂದೆ. ಹತ್ತು ವರ್ಷ ಹೊಲಿಗೆ ಲೈನ್ ನಡೆಸಿದವರಿಗೂ ಮಾತು ಹೊರಡಲಿಲ್ಲ. ಅಲ್ಲಿಂದ ಕೆಲಸ ಕೈಹಿಡಿಯಿತು. ಪ್ರತಿಯೊಬ್ಬರೂ ನಾಲ್ಕೈದು ಸಲ ಹೇಳಿ ರೂಢಿ ಮಾಡಿಕೊಂಡರು. ಬ್ಯಾಚ್‌ನಲ್ಲಿ ಯಾರಿಂದ ಮೊದಲು ಮಾತಾಡಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅರ್ಧ ಯಶಸ್ಸು ಅದರಲ್ಲೇ ಇದೆ.

ನಡುವೆ ಶೌಚಾಲಯದ ಪಕ್ಕ ಒಂದು ಪೆಟ್ಟಿಗೆ ಇಟ್ಟು ನೋಡಿದೆ. ಮೊದಲ ತಿಂಗಳು ಬಂದ ಚೀಟಿಯೆಲ್ಲ ಫ್ಯಾನ್, ನಲ್ಲಿಯದ್ದೇ. ಹಟ ಹಿಡಿದು ನಲ್ಲಿ ರಿಪೇರಿ ಮಾಡಿಸಿದೆ. ಮುಂದಿನ ತಿಂಗಳು ಬೇರೆ ಥರದ ಚೀಟಿಗಳು ಬಂದವು. ಹೆಸರಿಲ್ಲದ ಚೀಟಿ ಹಿಡಿದು ವಿಚಾರಣೆ ನಡೆಸಲಾಗದು. ಆದರೆ ಯಾವ ಲೈನ್‌ನಲ್ಲಿ ಹೋಗಿ ಕೂರಬೇಕೆಂದು ತಿಳಿಯಿತು. ಬರೆಯಲು ಬಾರದವರಿಗೆ ದೂರು ಬರೆದುಕೊಡುವುದು ಐಸಿ ಸದಸ್ಯರ ಕರ್ತವ್ಯ ಎಂದು ಲೈನ್‌ನವರ ತರಬೇತಿಯಲ್ಲಿ ಅಲ್ಲೇ ಹೇಳಿದೆವು.

ಒಂದೂಕಾಲು ವರ್ಷದಲ್ಲಿ ಆರು ದೂರು ಬಂದವು. ಮಾಲೀಕರು ಗಾಬರಿಯಾದರು. ಸೊನ್ನೆ ಇದ್ದಾಗ ಗಾಬರಿಯಾಗಬೇಕಿತ್ತು ಸಾರ್ ಎಂದೆ. ಆರೂ ವಿಚಾರಣೆ 90 ದಿನದೊಳಗೆ ಮುಗಿದವು, ಒಬ್ಬ ಸೂಪರ್‌ವೈಸರ್ ಕೆಲಸ ಕಳೆದುಕೊಂಡ. ಖರ್ಚು ಕಾರ್ಡ್ ಮುದ್ರಣ ಸೇರಿ 11 ಸಾವಿರ ದಾಟಿಲ್ಲ. ಈಗ ಕರೆಯಬೇಕಾದರೆ ಭುಜ ಮುಟ್ಟುವುದಿಲ್ಲ, ಮಷಿನ್ ಟೇಬಲ್ ತಟ್ಟುತ್ತಾರೆ. ಮ್ಯಾನೇಜರ್ ತಾವಾಗಿಯೇ ಮುಂದಿನ ಬ್ಯಾಚ್ ಯಾವಾಗ ಎಂದು ಕೇಳಿದರು.

ಇನ್ನು ಉಳಿದಿರುವುದು ವ್ಯಾನ್ ಡ್ರೈವರ್‌ಗಳು. ಕೆಲಸಕ್ಕೆ ಕರೆತರುವ ಕಂಪನಿ ವಾಹನವೂ ಕಾಯ್ದೆಯ ಲೆಕ್ಕದಲ್ಲಿ ಕೆಲಸದ ಸ್ಥಳವೇ. ಸಂಜೆ ಲೈನ್ ಬಿಡುವ ಮುಂಚೆ ಅವರು ಗೇಟಿನಲ್ಲಿ ಅರ್ಧ ಗಂಟೆ ಕಾಯುತ್ತಾರೆ. ಆ ಹೊತ್ತನ್ನೇ ಕೇಳಿದ್ದೇನೆ, ಕಾರ್ಡ್ ಬರೆಯುತ್ತಿದ್ದೇನೆ.