ಕಾರಿನ ಸಂದಿಯಲ್ಲಿ ಒಣಗಿದ ಪಾಲಿಶ್ ತೆಗೆಯೋದು: ಕೊಬ್ಬರಿ ಎಣ್ಣೆ, ಗಂಧದಕಡ್ಡಿ, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್)

ಒಣಗಿದ ಪಾಲಿಶ್ ಬಿಡಿಸೋಕೆ ಎಣ್ಣೆ ಹಚ್ಚಿದರೆ ಧೂಳು ಮೆತ್ತಿಕೊಂಡು ಸಂದಿ ಇನ್ನೂ ಗಲೀಜಾಗುತ್ತೆ ಅಂತ ಮೈಸೂರಿನ ಬನ್ನಿಮಂಟಪದ ಕಡೆ ಕಾರು ಪಾಲಿಶ್ ಕೆಲಸ ಮಾಡುವವರೆಲ್ಲ ಹೇಳಿದ್ದರು. ಈಗ ಮೂವತ್ತು ಗಾಡಿ ದಾಟಿದೆ, ಆ ಕಾರಣಕ್ಕೆ ಒಂದೂ ವಾಪಸ್ ಬಂದಿಲ್ಲ. ಹಚ್ಚಿದ ಎಣ್ಣೆಯನ್ನು ಪೂರ್ತಿ ತೆಗೆಯುವವರೆಗೆ ಕೆಲಸ ಮುಗಿದಿಲ್ಲ ಅನ್ನೋದನ್ನ ಮರೆಯದಿದ್ದರೆ ಸಾಕು.

ಮೊದಲು ಕೆಟ್ಟದ್ದರ ಲೆಕ್ಕ. ಬಂಪರ್ ಕೆಳಗಿನ ತರಿತರಿ ಕಪ್ಪು ಪ್ಲಾಸ್ಟಿಕ್‌ಗೆ ಥಿನ್ನರ್ ಮುಟ್ಟಿಸಿದ್ದಕ್ಕೆ ಮೇಲ್ಮೈ ಕರಗಿ ಬೂದುಬಣ್ಣಕ್ಕೆ ತಿರುಗಿತು. ಹೊಸ ಪಟ್ಟಿ, ಕೂಲಿ ಎಲ್ಲ ಸೇರಿ ಸಾವಿರದ ನಾನೂರರ ಆಸುಪಾಸು ಕೈಬಿಟ್ಟಿತು. ಹೆಡ್‌ಲೈಟ್ ಅಂಚಿಗಂತೂ ಥಿನ್ನರ್ ಹತ್ತಿರವೂ ತರಬಾರದು, ಸಣ್ಣ ಬಿರುಕು ಬಲೆಯ ಹಾಗೆ ಹರಡುತ್ತೆ. ಹಲ್ಲುಜ್ಜುವ ಬ್ರಷ್ಷಿನಿಂದ ಕಪ್ಪು ಬಣ್ಣದ ಮೇಲೆ ಗೀರು ಬಿದ್ದು, ಆ ಡಿಕ್ಕಿಗೆ ಮತ್ತೆ ಬಫಿಂಗ್ ಮಾಡಬೇಕಾಯ್ತು, ಅರ್ಧ ದಿನ ಹೋಯ್ತು. ಪ್ರೆಶರ್ ವಾಷರ್ ಹತ್ತಿರದಿಂದ ಹೊಡೆದರೆ ಪಾಲಿಶ್ ಅಲ್ಲೇ ಇರುತ್ತೆ, ಡಬಲ್ ಟೇಪಿನ ಲೋಗೋ ಏಳುತ್ತೆ.

ಬರೀ ನೀರಿಗೆ ಬಗ್ಗದಿರೋದು ಯಾಕೆ ಅಂದರೆ, ಒಣಗಿದ ಮೇಲೆ ಉಳಿಯೋದು ಉಜ್ಜುವ ಪುಡಿ, ಅದನ್ನು ಹಿಡಿದ ಮೇಣ. ಮೇಣ ಮೆತ್ತಗಾಗಬೇಕು, ಅದಕ್ಕೆ ಎಣ್ಣೆ.

ಗಾಡಿ ನೆರಳಲ್ಲಿರಲಿ, ಬಾಡಿ ಮುಟ್ಟಿದರೆ ತಣ್ಣಗಿರಬೇಕು. ಒಣ ಶೇವಿಂಗ್ ಬ್ರಷ್ಷಿನಿಂದ ಸಡಿಲ ಪುಡಿ ಉದುರಿಸಿ. ಬ್ರಷ್ಷಿಗೆ ಲೋಹದ ಪಟ್ಟಿ ಇದ್ದರೆ ಇನ್ಸುಲೇಷನ್ ಟೇಪ್ ಸುತ್ತಿ, ಇಲ್ಲದಿದ್ದರೆ ಅದೇ ಗೀರುತ್ತೆ. ಆಮೇಲೆ ಎಣ್ಣೆ: ಬಾನೆಟ್ ಸಂದಿ, ಹ್ಯಾಂಡಲ್ ಗುಳಿ, ಡಿಕ್ಕಿ ಅಕ್ಷರ, ಪೆಟ್ರೋಲ್ ಮುಚ್ಚಳ ಎಲ್ಲಕ್ಕೂ ಸೇರಿ ಎರಡು ಚಮಚ ಸಾಕು. ಹತ್ತು ನಿಮಿಷ ಬಿಡಿ. ಅಕ್ಷರಗಳ ಸುತ್ತ ಅದಕ್ಕಿಂತ ಹೆಚ್ಚು ಬಿಟ್ಟರೆ ಟೇಪಿನ ಅಂಟು ಸಡಿಲವಾಗಬಹುದು. ಡಿಸೆಂಬರ್-ಜನವರಿಯಲ್ಲಿ ಇಲ್ಲಿ ಬೆಳಗಿನ ಹೊತ್ತು ಎಣ್ಣೆ ಗಟ್ಟಿಯಾಗಿರುತ್ತೆ, ಬಾಟಲಿಯನ್ನು ಬಿಸಿನೀರಲ್ಲಿಟ್ಟು ಕರಗಿಸಿಕೊಳ್ಳಿ. ಬಾಗಿಲಿನ ರಬ್ಬರ್ ಬೀಡಿಂಗ್‌ಗೆ ಎಣ್ಣೆ ಬೇಡ, ರಬ್ಬರ್ ಉಬ್ಬುತ್ತೆ. ಅಲ್ಲಿಗೆ ಬೆಚ್ಚಗಿನ ಶಾಂಪೂ ನೀರು, ಬಟ್ಟೆ ಅಷ್ಟೆ.

ಈಗ ಕಡ್ಡಿ. ಗಂಧದಕಡ್ಡಿ ಹೊಸೆಯುವವರು ತರುವ ಹಸಿ ಬಿದಿರುಕಡ್ಡಿ ಮೈಸೂರಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತೆ, ನಾನು ಕೊಟ್ಟಿದ್ದು ನೂರಿಪ್ಪತ್ತೋ ಏನೋ, ವರ್ಷಕ್ಕೆ ಸಾಕು. ಒಂದೂವರೆ ಮಿಲಿಮೀಟರ್ ದಪ್ಪ, ಅಕ್ಷರದ ಒಳಮೂಲೆಗೆ ಸರಿಯಾಗಿ ಇಳಿಯುತ್ತೆ. ಉರಿದು ಉಳಿದ ಕಡ್ಡಿ ಬಳಸಬೇಡಿ. ಅದರ ಬುಡದ ಕೆಂಪು, ಹಸಿರು ಬಣ್ಣ ಐಪಿಎ ತಾಗಿದ ಕೂಡಲೇ ಬಿಟ್ಟುಕೊಳ್ಳುತ್ತೆ, ಬಿಳಿ ಗಾಡಿಯಾದರೆ ಹೊಸ ತಲೆನೋವು. ತುದಿಗೆ ಮೈಕ್ರೋಫೈಬರ್ ಚೂರು ಒಂದೇ ಸುತ್ತು ಸುತ್ತಿ, ಮಲಗಿಸಿ ಎಳೆಯಿರಿ. ಚುಚ್ಚಬೇಡಿ, ಮೀಟಬೇಡಿ. ಸರಿಯಾಗಿ ನೆನೆದಿದ್ದರೆ ಪಾಲಿಶ್ ಬಿಳಿ ಬೆಣ್ಣೆಯ ಹಾಗೆ ಸುರುಳಿಯಾಗಿ ಬಟ್ಟೆಗೆ ಬರುತ್ತೆ. ಪುಡಿಪುಡಿಯಾಗಿ ಉದುರಿದರೆ ಇನ್ನೂ ನೆನೆದಿಲ್ಲ, ಮತ್ತೊಂದು ಹನಿ ಎಣ್ಣೆ ಹಾಕಿ ಐದು ನಿಮಿಷ ಕಾಯಿರಿ.

ಎಣ್ಣೆ ತೆಗೆಯೋದಕ್ಕೆ ಬಕೆಟ್ ಶಾಂಪೂ ನೊರೆ, ಅದೇ ಶೇವಿಂಗ್ ಬ್ರಷ್, ಎರಡು ಸಲ. ಒಣಗಿದ ಮೇಲೆ ಐಪಿಎ ಅರ್ಧ, ಆರ್‌ಓ ನೀರು ಅರ್ಧ. ಇದನ್ನು ಬಟ್ಟೆಗೆ ಹಾಕಬೇಕು, ಸಂದಿಗೆ ಸುರಿಯಬಾರದು. ಹೊಸದಾಗಿ ಪೇಂಟ್ ಆದ ಪ್ಯಾನೆಲ್‌ಗೆ ಒಂದು ತಿಂಗಳು ಐಪಿಎ ಬೇಡ. ಐಪಿಎ ತಾಗಿದ ಅಂಚಲ್ಲಿ ಮೊದಲಿದ್ದ ಮೇಣವೂ ಹೋಗುತ್ತೆ, ಮತ್ತೆ ಕೊಡಬೇಕು. ಆ ಅಂಚಿಗೆ ಒಂದಿಷ್ಟೂ ಬಿಳಿ ಉಳಿಯದ ಹಾಗೆ ನಾನು ಏನನ್ನು ಹೇಗೆ ಹಚ್ಚುತ್ತೀನಿ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ, ಅದರಿಂದ ನಾಲ್ಕು ಗಿರಾಕಿ ಹೆಚ್ಚು ಬರ್ತಿದಾರೆ.

ತರಿತರಿ ಪ್ಲಾಸ್ಟಿಕ್‌ಗೆ ಮಕ್ಕಳ ಐದು ರೂಪಾಯಿ ಬಿಳಿ ರಬ್ಬರ್ ಮುಕ್ಕಾಲು ಕೆಲಸ ಮುಗಿಸುತ್ತೆ. ಪೀನಟ್ ಬಟರ್ ಕೂಡ ನೋಡಿದೆ. ಪಾಲಿಶ್ ಬಿಡುತ್ತೆ ನಿಜ, ಆದರೆ ತರಿಯಲ್ಲಿ ಅದರ ಚೂರು ಕೂತು ಇರುವೆ ಮುತ್ತುತ್ತೆ.

ಬಿಳಿ ಕಂಡದ್ದೆಲ್ಲ ಪಾಲಿಶ್ ಅಂದುಕೊಳ್ಳಬೇಡಿ. ಬೋರ್‌ವೆಲ್ ನೀರಲ್ಲಿ ತೊಳೆಯುವ ಗಾಡಿಗೆ ಸುಣ್ಣದ ಕಲೆಯೂ ಸಂದಿಯಲ್ಲೇ ಕೂರುತ್ತೆ. ಒಂದು ಹನಿ ವಿನೆಗರ್‌ಗೆ ಕರಗಿದರೆ ಅದು ಸುಣ್ಣ, ತಕ್ಷಣ ತೊಳೆಯಿರಿ. ಅದಕ್ಕೆ ಎಣ್ಣೆ ಹಚ್ಚಿ ಪ್ರಯೋಜನವಿಲ್ಲ.

ಒಂದು ಗಾಡಿಗೆ ಒಂದೂಕಾಲು ಗಂಟೆ, ಸಾಮಾನಿಗೆ ಮೂವತ್ತು ರೂಪಾಯಿ ಒಳಗೆ. ನಾನು ನಾನೂರು ತಗೋತೀನಿ. ನೀವೇ ಪಾಲಿಶ್ ಮಾಡುವ ಗಾಡಿಯಾದರೆ ಮೊದಲೇ ಮಾಸ್ಕಿಂಗ್ ಟೇಪ್ ಅಂಟಿಸಿ, ಹದಿನೈದು ನಿಮಿಷದ ಕೆಲಸ.

ಆಯುಧಪೂಜೆ ಆದ ಮೇಲೆ ಬರುವ ಗಾಡಿಗಳ ಲೋಗೋ ಸಂದಿಯಲ್ಲಿ ಕುಂಕುಮ, ಅರಿಶಿನ ಇರುತ್ತೆ. ಅದಕ್ಕೆ ಮೊದಲೇ ನೀರೂ ಬೇಡ, ಎಣ್ಣೆಯೂ ಬೇಡ, ಹರಡುತ್ತೆ. ಮೊದಲು ಒಣ ಬ್ರಷ್, ಆಮೇಲೆ ಶಾಂಪೂ. ಅರಿಶಿನದ ಹಳದಿ ಉಳಿದರೆ ಉಜ್ಜದೆ ಬಿಸಿಲಿಗೆ ಬಿಡಿ, ಕೆಲವು ದಿನದಲ್ಲಿ ತಾನೇ ಮಾಸುತ್ತೆ.